ಕುದಿಯುವ ಪಾಲು

ಏರ್ಲೆನ್‌ರಾಯ್ತ್‌ನಲ್ಲಿ ಮನುಷ್ಯರಿಗೂ ಹೆಸರುಗಳಿವೆ, ಆದರೆ ಅವು ಪಾದ್ರಿಗೂ ಅಂಚೆಯವನಿಗೂ ಮಾತ್ರ ಬೇಕಾದವು. ಮಿಕ್ಕವರೆಲ್ಲ ಕರೆಯುವುದು ಮನೆಯ ಹೆಸರು ಹಿಡಿದು. ಪೊರಕೆ ಮನೆಯಲ್ಲಿ ಪೊರಕೆ ಕಟ್ಟುತ್ತಿದ್ದವರು ಮಣ್ಣು ಸೇರಿ ಎಷ್ಟೋ ತಲೆಮಾರು ಕಳೆದಿದೆ. ಆದರೂ ಆ ಮನೆಯ ಮುದುಕ ಕ್ವಿರಿನ್ ಊರಿಗೆಲ್ಲ ಪೊರಕೆಯವನೇ. ಅವನ ಸೊಸೆ ಆಫ್ರಾ, ಎರಡನೇ ಯುದ್ಧ ಮುಗಿದ ಮೇಲೆ ಗಡಿಯಾಚೆಯ ಬೊಹೆಮಿಯಾದಿಂದ ಒಂದು ಕಂಬಳಿಯೊಂದಿಗೆ ಹೊರದಬ್ಬಿಸಿಕೊಂಡು ಬಂದವಳು, ಮದುವೆಯ ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಹೋದಾಗ ಯಾರೋ "ಹೊಸ ಪೊರಕೆಯವಳು ಬಂದ್ಲು" ಅಂದರು. ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತೋ ಇಲ್ಲವೋ ನೋಡೋಣ ಅಂತ ಇನ್ನೊಬ್ಬಳು ನಕ್ಕಳು. ಆಫ್ರಾಳಿಗೆ ಅಳು ಬಂತಾದರೂ ನುಂಗಿಕೊಂಡಳು.

ಊರ ನಡುವೆ ಹಂಡೆಮನೆ ಇದೆ. ಅದು ಯಾರೊಬ್ಬರ ಸ್ವತ್ತಲ್ಲ. ಬಿಯರ್ ಕಾಯಿಸುವ ಹಕ್ಕಿರುವ ಮನೆಗಳವರು ಸರದಿಯ ಪ್ರಕಾರ ತಮ್ಮ ಮೊಳಕೆ ಬಾರ್ಲಿ, ತಮ್ಮ ಸೌದೆ ಹೊತ್ತು ತರುತ್ತಾರೆ. ಒಂದೇ ತೊಟ್ಟಿ, ಒಂದೇ ತಾಮ್ರದ ಹಂಡೆ, ಒಂದೇ ಬಾವಿಯ ನೀರು. ಕಾಯಿಸಿದ ಸಿಹಿ ರಸವನ್ನು ಮಾತ್ರ ಅವರವರ ನೆಲಮಾಳಿಗೆಗೆ ಒಯ್ದು ಹುಳಿಯಲು ಬಿಡುತ್ತಾರೆ. ಹದಕ್ಕೆ ಬಂದಾಗ ಮನೆ ಮುಂದೆ ಕೋಲು ಚಾಚಿ ಆರು ಮೂಲೆಯ ನಕ್ಷತ್ರ ತೂಗುಹಾಕಿದರೆ ಸಾಕು, ಊರೇ ಬಂದು ಅಡುಗೆಮನೆಯ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತದೆ. ಯಾರ ಮನೆಯ ಬಿಯರ್ ಯಾರ ಮನೆಯದರಂತೆಯೂ ಇರುವುದಿಲ್ಲ. ಹೇಗೆ ಅಂತ ಕೇಳಿದರೆ ನಮ್ಮವರು ಭುಜ ಹಾರಿಸುತ್ತಾರೆ.

ಆದರೆ ಎಲ್ಲ ಮನೆಗಳ ಗಂಜಿಗೂ ಹದ ನೋಡುವ ಕೈ ಒಂದೇ ಆಗಿತ್ತು, ಅದು ಕ್ವಿರಿನ್‌ದು. ಮೊದಲ ಯುದ್ಧದಿಂದ ವಾಪಸು ಬಂದವನು ಹಂಡೆಮನೆಗೆ ಹೊಕ್ಕಿದ್ದೇ ಹೊಕ್ಕಿದ್ದು. ಹೆಂಡತಿ ಇದ್ದಾಗ ಅವಳು "ನಿಮಗೆ ಆ ತೊಟ್ಟೀನೇ ಕಟ್ಕೋಬೇಕಿತ್ತು" ಎನ್ನುತ್ತಿದ್ದಳಂತೆ. ಒಬ್ಬನೇ ಮಗ ಎಮೆರಾಮ್ ಪೇಟೆಯ ಪಿಂಗಾಣಿ ಕಾರ್ಖಾನೆ ಸೇರಿ ಭಾನುವಾರ ಭಾನುವಾರ ಮನೆಗೆ ಬರುತ್ತಿದ್ದ. ಅವನಿಗೆ ಬಿಯರ್ ಕುಡಿಯುವುದು ಚೆನ್ನಾಗಿ ಗೊತ್ತಿತ್ತು, ಅದರಾಚೆ ಅದರ ಗೊಡವೆ ಇರಲಿಲ್ಲ. ಹಾಗಾಗಿ ಹಂಡೆಮನೆಗೆ ಮಾವನ ಹಿಂದೆ ಬುಟ್ಟಿ ಹಿಡಿದು ಹೋಗುವುದು ಸೊಸೆಯ ಪಾಲಿಗೆ ಬಂತು.

ಅಲ್ಲಿ ನಡೆಯುವುದನ್ನು ಮೊದಲ ಸಲ ನೋಡಿದ ದಿನವನ್ನು ಆಫ್ರಾ ಕೊನೆಯವರೆಗೂ ಮರೆಯಲಿಲ್ಲ. ಬೀಸಿದ ಬಾರ್ಲಿಯನ್ನು ಬಿಸಿ ನೀರಿನಲ್ಲಿ ಕಲಸಿದರೆ ಗಂಜಿ. ಅದು ಮೊದಲು ಬೆಚ್ಚಗಿರಬೇಕು. ಆಮೇಲೆ ಒಂದು ಗೊತ್ತಾದ ಬಿಸಿಗೆ ಏರಬೇಕು, ಆಗಲೇ ಹಿಟ್ಟೆಲ್ಲ ಸಕ್ಕರೆಯಾಗುವುದು. ಅಷ್ಟು ಏರದಿದ್ದರೆ ಗಂಜಿ ಗಂಜಿಯಾಗಿಯೇ ಉಳಿಯುತ್ತದೆ. ತೀರಾ ಏರಿದರೆ ಸಕ್ಕರೆ ಮಾಡುವ ಶಕ್ತಿಯೇ ಅದರೊಳಗೆ ಸತ್ತುಹೋಗುತ್ತದೆ, ಹಂದಿಗೆ ಹಾಕಬೇಕಷ್ಟೆ. ಇಷ್ಟೆಲ್ಲ ನಾಜೂಕಿನ ವಸ್ತು ಇರುವುದು ಮರದ ತೊಟ್ಟಿಯಲ್ಲಿ, ಮತ್ತು ಮರದ ಕೆಳಗೆ ಯಾರೂ ಬೆಂಕಿ ಹಾಕುವುದಿಲ್ಲ. ಹಾಗಾದರೆ ಬಿಸಿ ಮಾಡುವುದು ಹೇಗೆ? ಗಂಜಿಯ ಒಂದು ಪಾಲನ್ನು ಎತ್ತಿ ತಾಮ್ರದ ಹಂಡೆಗೆ ಹಾಕಿ, ಕೊತಕೊತ ಕುದಿಸಿ, ಮತ್ತೆ ತೊಟ್ಟಿಗೇ ಸುರಿಯುವುದು. ಕುದಿದ ಪಾಲು ಕುದಿಯದ ಪಾಲನ್ನು ಮೇಲಕ್ಕೆತ್ತುತ್ತದೆ. ಎಷ್ಟು ಪಾಲು ಅನ್ನುವುದರಲ್ಲೇ ಇಡೀ ವಿದ್ಯೆ ಇರುವುದು.

ಆ ದಿನ ಕ್ವಿರಿನ್ ಅಂಗಿ ತೋಳು ಮಡಚಿ, ಬಲಗೈಯನ್ನು ಮಣಿಕಟ್ಟಿನವರೆಗೆ ಗಂಜಿಗೆ ಇಳಿಸಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಎಲ್ಲ ಮಕ್ಕಳಿಗೂ ಬರುವ, ಸ್ವರ್ಗದ ತಂದೆಯ ಪ್ರಾರ್ಥನೆ ಅದು. ಅದರ ನಡುವೆ ದಿನದ ರೊಟ್ಟಿ ಬೇಡುವ ಮಾತು ಬರುವ ಹೊತ್ತಿಗೆ ಬಿಸಿ ಕಚ್ಚಿತು ಅನ್ನುವಂತೆ ಕೈ ಹೊರಗೆಳೆದ. "ಇಪ್ಪತ್ತು" ಎಂದ. ಅರವತ್ತು ಬಕೆಟ್ ಹಿಡಿಯುವ ತೊಟ್ಟಿಯಿಂದ ಗಟ್ಟಿ ಗಂಜಿಯನ್ನು ಎತ್ತತೊಡಗಿದರು, ಆ ದಿನ ಸರದಿಯಿದ್ದ ಮನೆಯವರೆಲ್ಲ ಒಂದೇ ದನಿಯಲ್ಲಿ ಬಕೆಟ್ ಎಣಿಸಿದರು, ಇಪ್ಪತ್ತಕ್ಕೆ ಆ ಮನೆಯ ಯಜಮಾನ ಸವಟಿನಿಂದ ಹಂಡೆಯ ಅಂಚಿಗೆ ಠಣ್ ಎಂದು ಬಾರಿಸಿದ. ರೊಟ್ಟಿಯ ಮಾತಿಗೂ ಮೊದಲೇ ಕಚ್ಚಿದರೆ ತಣ್ಣೀರು ಬೆರೆಸಬೇಕು, ದಾಟಿದ ಮೇಲೆ ಕಚ್ಚಿದರೆ ಬಿಸಿನೀರು. ಸರಿಯಾಗಿ ಅಲ್ಲೇ ಕಚ್ಚಿದರೆ ಮೂರರಲ್ಲಿ ಒಂದು ಪಾಲು. ನಮ್ಮೂರಿನ ಶಾಸ್ತ್ರ ಅಷ್ಟೇ.

ಆಫ್ರಾ ತನ್ನೂರಿನಲ್ಲಿ ಡೈರಿಯಲ್ಲಿ ಚೀಸ್ ಮಾಡುತ್ತಿದ್ದವಳು. ಹಾಲಿನ ಬಿಸಿ ನೋಡುವ ಗಾಜಿನ ಕಡ್ಡಿಯೊಂದು ಮರದ ಕವಚದ ಸಮೇತ ಅವಳ ಕಂಬಳಿಯ ಮಡಿಕೆಯಲ್ಲಿ ಗಡಿ ದಾಟಿ ಬಂದಿತ್ತು. ಎಲ್ಲರೂ ಬಕೆಟ್ ಎಣಿಸುವ ಗದ್ದಲದಲ್ಲಿ ಅವಳು ಅದನ್ನು ಮೆಲ್ಲಗೆ ತೊಟ್ಟಿಗೆ ಇಳಿಸಿ ನೋಡಿದಳು. ಐವತ್ತು ಡಿಗ್ರಿ. ಕುದಿದ ಪಾಲು ವಾಪಸು ಬಿದ್ದ ಮೇಲೆ ಮತ್ತೆ ನೋಡಿದಳು. ಅರವತ್ತೈದು. ಸಕ್ಕರೆ ಹುಟ್ಟುವ ಬಿಸಿ! ಮುಂದಿನ ಮನೆಯ ಸರದಿಯಲ್ಲೂ ಐವತ್ತು, ಅರವತ್ತೈದು. ಅದರ ಮುಂದಿನದರಲ್ಲೂ ಅಷ್ಟೇ. ಅವಳ ಮೈ ಜುಮ್ಮೆಂದಿತು. ಕಾಗದದ ಮೇಲೆ ಗೀಟು ಎಳೆಯಲೂ ಬಾರದ ಆ ಕೆಂಪು ಕೈಯೊಳಗೆ ಯಾವುದೋ ಗಾಜಿನ ಕಡ್ಡಿಯನ್ನು ದೇವರೇ ಇಟ್ಟು ಹೊಲಿದಿರಬೇಕು ಅನ್ನಿಸಿತು.

ಆದರೆ ಮೂರರಲ್ಲಿ ಒಂದೇ ಯಾಕೆ? ನಾಲ್ಕರಲ್ಲಿ ಒಂದು ಯಾಕಲ್ಲ? ಈ ಪ್ರಶ್ನೆ ಅವಳ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿತ್ತು. ಮಾವನ ಕಾಲುನೋವಿಗೆ ಸಂಜೆ ಸಂಜೆ ಬಿಸಿನೀರು ಕೊಡುವುದು ಅವಳ ಕೆಲಸ. ಒಂದು ಸಂಜೆ ತಣ್ಣೀರಿಗೆ ಕೆಟಲಿನ ಕುದಿನೀರು ಬೆರೆಸುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ನೆಲದ ಮೇಲೇ ಕೂತುಬಿಟ್ಟಳು. ಇಡೀ ನೀರು ಎಷ್ಟು ಮೇಲೆ ಏರಬೇಕೋ ಅದು ಒಂದು ಲೆಕ್ಕ. ಕುದಿನೀರು ತಣ್ಣೀರಿಗಿಂತ ಎಷ್ಟು ಮೇಲಿದೆಯೋ ಅದು ಇನ್ನೊಂದು ಲೆಕ್ಕ. ಮೊದಲನೆಯದು ಎರಡನೆಯದರ ಎಷ್ಟನೇ ಪಾಲೋ, ಕುದಿಸಬೇಕಾದದ್ದೂ ಅಷ್ಟೇ ಪಾಲು. ಗಂಜಿ ಐವತ್ತರಿಂದ ಅರವತ್ತೈದಕ್ಕೆ ಏರಬೇಕು, ಅಂದರೆ ಹದಿನೈದು. ನಮ್ಮ ಎತ್ತರದಲ್ಲಿ ತೊಂಬತ್ತೆಂಟಕ್ಕೇ ಕುದಿ ಬರುತ್ತದೆ, ಐವತ್ತಕ್ಕಿಂತ ಅದು ನಲವತ್ತೆಂಟು ಮೇಲೆ. ನಲವತ್ತೆಂಟರಲ್ಲಿ ಹದಿನೈದು ಅಂದರೆ ಮೂರರಲ್ಲಿ ಒಂದಕ್ಕೆ ಒಂಚೂರು ಕಮ್ಮಿ. ಆ ಒಂಚೂರು ಬಕೆಟಿನಲ್ಲಿ, ಗಾಳಿಯಲ್ಲಿ ತಣಿದುಹೋಗುವುದಕ್ಕೆ. ಮೂರರಲ್ಲಿ ಒಂದು!

ಗಾಜಿನ ಕಡ್ಡಿ ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಎಣಿಸಲು ಬೆರಳು ಬಿಟ್ಟರೆ ಬೇರೇನೂ ಇಲ್ಲದ ಯಾರೋ ಒಬ್ಬ ಇದನ್ನು ಕಂಡುಕೊಂಡಿದ್ದ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆಫ್ರಾಳಿಗೆ ಕಣ್ಣು ತುಂಬಿ ಬಂತು.

"ನೀರು ಆರ್ತಾ ಇದೆ, ನೀನು ನೆಲ ನೋಡ್ಕೊಂಡು ಕೂತಿದ್ದೀಯಲ್ಲ, ಏನಾಯ್ತೇ?" ಅಂದ ಕ್ವಿರಿನ್.

ಅವಳು ಸಂಭ್ರಮದಿಂದ ಎಲ್ಲ ವಿವರಿಸಿದಳು. ಮುದುಕ ಕೇಳುವಷ್ಟು ಕೇಳಿ, ಮೀಸೆಯೊಳಗೇ ನಕ್ಕ. "ಗಂಜಿಗೆ ಭಾಗಾಕಾರ ಬರುತ್ತೇನಮ್ಮಾ? ನನಗೇ ಬರಲ್ಲ. ಮೊದ್ಲು ಕಾಲಿಗೆ ನೀರು ಹಾಕು."

ವರ್ಷಗಳು ಕಳೆದವು. ಊರಿನವರು ಆಫ್ರಾಳನ್ನು ಗಡಿಯಾಚೆಯವಳು ಅನ್ನುವುದನ್ನು ಬಿಡಲಿಲ್ಲ, ಆದರೆ ಅವಳು ಸುಟ್ಟ ಜೀರಿಗೆ ರೊಟ್ಟಿ ತಿನ್ನುವುದನ್ನೂ ಬಿಡಲಿಲ್ಲ. ಕಾಲಿನ ನೀರಿನ ವಿಷಯದಲ್ಲಿ ಮಾತ್ರ ಏನೋ ಬದಲಾಗುತ್ತಿರುವುದು ಅವಳ ಗಮನಕ್ಕೆ ಬಂತು. "ಬಿಸಿ ಸಾಲ್ದು" ಎನ್ನುತ್ತಿದ್ದ ಮಾವ. ಇನ್ನಷ್ಟು ಹಾಕಿದರೆ, "ಇನ್ನೂ ಸಾಲ್ದು, ಕೆಟಲ್‌ನಲ್ಲಿರೋದನ್ನ ಯಾರಿಗೆ ಇಟ್ಕೊಂಡಿದ್ದೀಯಾ?" ಕಾಲು ಕೆಂಪಾಗುತ್ತಿತ್ತು, ಅವನ ಮುಖದಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ಕ್ವಿರಿನ್ ಬರೀ ವಾಯು ಅಂದ. ಆಮೇಲೊಂದು ದಿನ ಒಲೆಯ ಮೇಲಿದ್ದ ತವೆಯ ಹಿಡಿಯನ್ನು ಬರಿಗೈಯಲ್ಲಿ ಎತ್ತಿ, ಮೇಜಿನವರೆಗೆ ನಿಧಾನಕ್ಕೆ ನಡೆದು, ಕೆಳಗಿಟ್ಟು, ಆಲೂಗಡ್ಡೆ ಬಡಿಸಿಕೊಂಡ. ಸುಟ್ಟ ವಾಸನೆ ಬಂದದ್ದು ಆಲೂಗಡ್ಡೆಯಿಂದಲ್ಲ. ಹಂಡೆಮನೆಯಲ್ಲಿ ಮಾತ್ರ ಅವನು ಎಂದಿನಂತೆ ಕೈ ಇಳಿಸುತ್ತಿದ್ದ, ರೊಟ್ಟಿಯ ಮಾತಿಗೆ ಎಂದಿನಂತೆ ಬೆಚ್ಚಿ ಎತ್ತುತ್ತಿದ್ದ. ಗಾಜಿನ ಕಡ್ಡಿ ಕೂಡ ಐವತ್ತರ ಆಸುಪಾಸಿನಲ್ಲೇ ತೋರಿಸುತ್ತಿತ್ತು. ಅಷ್ಟು ವರ್ಷ ಒಂದೇ ನೀರನ್ನು ಒಂದೇ ಅಳತೆಯಲ್ಲಿ ಕಾಯಿಸಿದವನಿಗೆ ಅಷ್ಟೂ ಬರದಿದ್ದರೆ ಹೇಗೆ? ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ಜನವರಿಯಲ್ಲಿ ಕುಲುಮೆ ಮನೆಯ ಸರದಿ ಬಂತು. ಕುಲುಮೆಯ ಫೈಟ್‌ನ ಮಗಳ ಮದುವೆ ಈಸ್ಟರ್ ಕಳೆದ ಮೇಲೆ. ಮದುವೆಯ ಬಿಯರಿಗೆಂದೇ ಅವನು ಮೇಲುಹೊಲದ ಬಾರ್ಲಿಯನ್ನು ಬೇರೆ ತೆಗೆದು ಮೊಳಕೆ ಕಟ್ಟಿಸಿದ್ದ. ಇನ್ನೊಂದು ಸಲಕ್ಕಾಗುವಷ್ಟು ಅವನಲ್ಲಿ ಇರಲಿಲ್ಲ. ಚಳಿ ಹೇಗಿತ್ತೆಂದರೆ ಬಾಗಿಲ ಚಿಲಕಕ್ಕೆ ಕೈ ಅಂಟಿಕೊಳ್ಳುತ್ತಿತ್ತು. ಫೈಟ್ ಮೂಟೆಗಳನ್ನು ಹಿಂದಿನ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಬಿಟ್ಟಿದ್ದ. ಕಾಳು ಮಂಜುಗಡ್ಡೆಯಂತೆ ತಣ್ಣಗಿತ್ತು, ತೊಟ್ಟಿಯ ಮರವೂ ಹಾಗೇ. ಕ್ವಿರಿನ್ ನೀರನ್ನು ಮಾತ್ರ ಎಂದಿನ ಬಿಸಿಗೇ ಕಾಯಿಸಿ, ಎಂದಿನ ಅಳತೆಗೆ ಹಾಕಿಸಿದ. ಗಂಜಿ ತೊಟ್ಟಿಯ ಅಂಚಿನವರೆಗೆ ಬಂತು. ಅವನು ಕೈ ಇಳಿಸಿ ಕಣ್ಣು ಮುಚ್ಚಿದ. ರೊಟ್ಟಿಯ ಮಾತು ಬಂತು, ಬೆಚ್ಚಿಬಿದ್ದವನಂತೆ ಕೈ ಎಳೆದ.

"ಇಪ್ಪತ್ತು."

ಆಫ್ರಾ ತೊಟ್ಟಿಯ ಪಕ್ಕದಲ್ಲೇ ಇದ್ದಳು. ಅವನು ಕೈ ಎಳೆದ ರಭಸಕ್ಕೆ ಗಂಜಿಯ ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕರುವಿಗೆ ಕುಡಿಸುವ ಹಾಲಿನಷ್ಟು ಬೆಚ್ಚಗಿತ್ತು, ಅಷ್ಟೇ. ಏಪ್ರನ್ನಿನ ಜೇಬಿನಿಂದ ಗಾಜಿನ ಕಡ್ಡಿ ತೆಗೆದು ಇಳಿಸಿದಳು. ನಲವತ್ತಮೂರು.

ಆ ಕ್ಷಣಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು. ಮಾವನಿಗೆ ಬಿಸಿ ಕಚ್ಚುತ್ತಿರಲಿಲ್ಲ. ಪ್ರಾರ್ಥನೆಯ ಆ ಮಾತು ಬಂದಾಗ ಬೆಚ್ಚಬೇಕು ಅನ್ನುವುದು ಅವನಿಗೆ ಗೊತ್ತಿತ್ತು, ಬೆಚ್ಚುತ್ತಿದ್ದ. ಈಗ ಬಾಯಿ ಬಿಟ್ಟರೆ ಮುದುಕನ ಮಾನ ಊರ ಮುಂದೆ ಹೋಗುತ್ತದೆ, ಹಂಡೆಮನೆ ಬಿಟ್ಟು ಅವನಿಗೆ ಬದುಕೇ ಇಲ್ಲ. ಬಾಯಿ ಮುಚ್ಚಿಕೊಂಡರೆ ಕುಲುಮೆಯವರ ಮದುವೆ ಬಿಯರ್ ಹೋಗುತ್ತದೆ. ಕುಲುಮೆಯವರು ಆಗಲೇ ಎಣಿಸಲು ಶುರುಮಾಡಿದ್ದರು. ಒಂದು! ಎರಡು!

ಬಿಸಿನೀರು ಸೇರಿಸಲು ತೊಟ್ಟಿಯಲ್ಲಿ ಜಾಗವಿರಲಿಲ್ಲ. ಉಳಿದದ್ದು ಒಂದೇ ದಾರಿ, ಕುದಿಯುವ ಪಾಲನ್ನು ಹೆಚ್ಚಿಸುವುದು. ಆಫ್ರಾ ಬೆರಳು ಮಡಚಿದಳು. ನಲವತ್ತಮೂರರಿಂದ ಅರವತ್ತೈದಕ್ಕೆ ಇಪ್ಪತ್ತೆರಡು. ನಲವತ್ತಮೂರರಿಂದ ತೊಂಬತ್ತೆಂಟಕ್ಕೆ ಐವತ್ತೈದು. ಎಂಟು! ಒಂಬತ್ತು! ಐವತ್ತೈದರಲ್ಲಿ ಇಪ್ಪತ್ತೆರಡು ಅಂದರೆ... ಹನ್ನೊಂದರ ಮಗ್ಗಿ. ಹನ್ನೊಂದೆರಡಲ ಇಪ್ಪತ್ತೆರಡು, ಹನ್ನೊಂದೈದಲ ಐವತ್ತೈದು. ಐದರಲ್ಲಿ ಎರಡು ಪಾಲು. ಅರವತ್ತು ಬಕೆಟಿನಲ್ಲಿ ಇಪ್ಪತ್ತನಾಲ್ಕು. ಹದಿನೇಳು! ದಾರಿಯಲ್ಲಿ ತಣಿಯುವುದಕ್ಕೆ ಇನ್ನೆರಡು.

ಇಪ್ಪತ್ತು! ಫೈಟ್ ಸವಟಿನಿಂದ ಠಣ್ ಎನ್ನಿಸಿದ.

"ಇನ್ನೂ ಆರು" ಅಂದಳು ಆಫ್ರಾ. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಎಲ್ಲರೂ ತಿರುಗಿ ನೋಡಿದರು. ಫೈಟ್‌ನ ಹೆಂಡತಿ ಬುರ್ಗಾ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ, ಗಡಿಯಾಚೆ ಇಪ್ಪತ್ತಾದ್ಮೇಲೂ ಇಪ್ಪತ್ತೇ ಬರುತ್ತೇನೋ! ಚೀಸ್ ಅಲ್ಲ ತಾಯಿ ಇದು, ಬಿಯರು."

ಆಫ್ರಾ ಮಾವನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳಿಸುವಂತೆ, "ನಲವತ್ಮೂರು ಮಾವ" ಅಂದಳು.

ಕ್ವಿರಿನ್ ಅವಳ ಮುಖ ನೋಡಿದ. ಅವಳಿಗೆ ಗೊತ್ತಾಗಿದೆ ಎನ್ನುವುದು ಅವನಿಗೂ ಗೊತ್ತಾಯಿತು. ಆಮೇಲೆ ಫೈಟ್ ಕಡೆ ತಿರುಗಿ ಗದರಿದ: "ಯಾರ‍್ಲೇ ನಿನಗೆ ಬಾರಿಸು ಅಂದೋರು, ಕುಲುಮೆ? ಚಳಿಗೆ ಇಪ್ಪತ್ತಾರು ಅಂತ ಹೊರಡೋವಾಗ್ಲೇ ಇವಳಿಗೆ ಹೇಳಿದ್ದೆ. ನನ್ನ ಬಾಯಿಗೆ ಹಳೇ ಎಣಿಕೆ ಬಂದ್ಬಿಡ್ತು. ಎತ್ತಿ, ಎತ್ತಿ!"

ಇಪ್ಪತ್ತಾರು ಬಕೆಟ್ ಹಂಡೆಗೆ ಹೋಯಿತು. ಕುದಿಯುವವರೆಗೂ ಕ್ವಿರಿನ್ ಸೊಸೆಯ ಕಡೆ ನೋಡಲಿಲ್ಲ. ಹಂಡೆಯಲ್ಲಿ ಗಂಜಿ ಗುಳುಗುಳು ಎದ್ದು ಸುಟ್ಟ ರೊಟ್ಟಿಯ ಪರಿಮಳ ಎಲ್ಲೆಡೆ ತುಂಬಿತು. ಆಮೇಲೆ ಒಂದೊಂದೇ ಬಕೆಟ್ ತೊಟ್ಟಿಗೆ ವಾಪಸು ಬಿತ್ತು, ಇಬ್ಬರು ಹುಟ್ಟುಗೋಲಿನಿಂದ ಕಲಕಿದರು, ಹಬೆಯಲ್ಲಿ ಯಾರ ಮುಖವೂ ಕಾಣದಂತಾಯಿತು.

ಈ ಎರಡನೇ ಬಿಸಿಗೂ ಕೈ ನೋಡುವ ಕ್ರಮ ಇದೆ. ಆದರೆ ಇದರಲ್ಲಿ ಪ್ರಾರ್ಥನೆಯ ಮೊದಲ ಮಾತಿಗಿಂತ ಹೆಚ್ಚು ಹೊತ್ತು ಯಾರೂ ಕೈ ಇಡಲಾರರು, ಅದ್ದಿ ಎತ್ತಿಬಿಡಬೇಕು. ಕ್ವಿರಿನ್ ಕೈ ಇಳಿಸಿದ. ಮೊದಲ ಮಾತು ಆಯಿತು. ಕೈ ಮೇಲೆ ಬರಲಿಲ್ಲ.

ಯಾಕೆ ಹಾಗೆ ಮಾಡಿದ ಎಂದು ಎಷ್ಟೋ ತಿಂಗಳ ಮೇಲೆ ಆಫ್ರಾಳಿಗೆ ಹೇಳಿದ. ಸುಳ್ಳು ಬೆಚ್ಚುವುದಕ್ಕೆ ಆ ದಿನ ಮನಸ್ಸು ಬರಲಿಲ್ಲವಂತೆ. ನಿಜವಾಗಿ ಗೊತ್ತಾಗಬೇಕಿತ್ತಂತೆ. ಎಲ್ಲೋ ಆಳದಲ್ಲಿ ಒಂಚೂರು ಕಚ್ಚೀತು, ಈಗ ಕಚ್ಚೀತು ಅಂತ ಕಾದನಂತೆ. ಅವನ ತುಟಿ ಅಲುಗುತ್ತಿತ್ತು, ರೊಟ್ಟಿಯ ಮಾತೂ ದಾಟಿ ಹೋಯಿತು, ಮುದುಕನ ಮುಖ ಮಲಗಿದ ಮಗುವಿನಷ್ಟು ಶಾಂತವಾಗಿತ್ತು. ಬುರ್ಗಾ ಕಿಟಾರನೆ ಕಿರುಚಿದಳು. ಆಫ್ರಾ ಎರಡೂ ಕೈಯಿಂದ ಅವನ ತೋಳು ಹಿಡಿದು ಎಳೆದಳು. ಹೊರಬಂದ ಕೈ ಬೆಂದ ಏಡಿಯ ಬಣ್ಣಕ್ಕೆ ತಿರುಗಿತ್ತು.

"ಸರಿಯಾಗಿದೆಯಾ?" ಕ್ವಿರಿನ್ ಕೇಳಿದ್ದು ಅದೊಂದೇ.

ಆಫ್ರಾ ಅಳುತ್ತಲೇ ಗಾಜಿನ ಕಡ್ಡಿ ಇಳಿಸಿದಳು. ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ಅರವತ್ತೈದು ಮಾವ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಮುದುಕ ನೆಲದ ಮೇಲೆ ಕುಸಿದು ಕೂತ. ಬುರ್ಗಾ ಹಿಮ ತುಂಬಿದ ಬಟ್ಟೆ ತಂದು ಅವನ ಕೈಗೆ ಸುತ್ತಿದಳು. ಕ್ವಿರಿನ್ ಎಲ್ಲರನ್ನೂ ಒಮ್ಮೆ ನೋಡಿ ಹೇಳಿದ: "ಈ ಕೈ ಸತ್ತು ಎರಡು ವರ್ಷ ಆಯ್ತು. ನಾನು ಯಾರಿಗೂ ಹೇಳ್ಲಿಲ್ಲ. ಇವತ್ತಿನ ಎಣಿಕೆ ನಂದಲ್ಲ, ಇವಳದು."

ಕುಲುಮೆಯವರ ಬಿಯರ್ ಉಳಿಯಿತು. ಮದುವೆಯಲ್ಲಿ ಅದನ್ನು ಕುಡಿದವರು ಬಾಯಿ ಚಪ್ಪರಿಸಿಕೊಂಡು ಇಂದಿಗೂ ಹೇಳುತ್ತಾರೆ. ಆದರೆ ಫೈಟ್‌ಗೆ ಬಂದ ಕೋಪ ಬಿಯರ್ ಚೆನ್ನಾಗಿ ಬಂತು ಅಂತ ಇಳಿಯುವ ಕೋಪವಲ್ಲ. ಹಕ್ಕಿನ ಮನೆಗಳವರೆಲ್ಲ ಸೇರಿದ ಕಡೆ ಅವನು ಎದ್ದು ನಿಂತು, "ಎರಡು ವರ್ಷ ನಮ್ಮ ಕಾಳಿನ ಮೇಲೆ ಜೂಜಾಡಿದ್ದೀರಿ ಪೊರಕೆಯವ್ರೇ. ನನ್ನ ಮಗಳ ಮದುವೆ ಅಂತ ಗೊತ್ತಿದ್ದೂ!" ಅಂದ. ಅವನ ಕಣ್ಣಲ್ಲಿ ನೀರಿತ್ತು. ಕ್ವಿರಿನ್ ತಲೆ ಎತ್ತಲಿಲ್ಲ. ಇನ್ನು ಮುಂದೆ ಬೇರೆಯವರ ಗಂಜಿಗೆ ಅವನು ಕೈ ಹಾಕಕೂಡದು ಎಂದು ತೀರ್ಮಾನವಾಯಿತು. ತನ್ನ ಮನೆಯ ಸರದಿಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ, ಅದು ಅವರ ಕಾಳು. ನ್ಯಾಯವಾದ ಮಾತೇ, ಆದರೆ ಅದನ್ನು ಕೇಳಿಸಿಕೊಂಡು ಅವನು ಮನೆಗೆ ನಡೆದು ಬಂದದ್ದನ್ನು ನೋಡಿದವರಿಗೆ ನ್ಯಾಯ ರುಚಿಸಲಿಲ್ಲ.

ಅವನು ಒಲೆಯ ಪಕ್ಕದ ಬೆಂಚು ಹಿಡಿದು ಕೂತ. ಕೈಯ ಗಾಯ ಮಾಯಿತು, ಅವನು ಏಳಲಿಲ್ಲ. ಆಲೂಗಡ್ಡೆ ಉಂಡೆ ಮಾಡಿ ಮುಂದಿಟ್ಟರೆ ಅರ್ಧ ತಿಂದು ತಟ್ಟೆ ಸರಿಸುತ್ತಿದ್ದ. ಭಾನುವಾರ ಬಂದ ಎಮೆರಾಮ್ "ಅಪ್ಪಾ, ಎಪ್ಪತ್ತಾಯ್ತು, ಇನ್ನಾದ್ರೂ ಆರಾಮಾಗಿ ಕೂತ್ಕೊಬಾರ್ದಾ?" ಅಂದಾಗ ಆಫ್ರಾ ಗಂಡನನ್ನು ಮೇಜಿನ ಕೆಳಗೆ ಕಾಲಲ್ಲಿ ಒದ್ದಳು.

"ನಮ್ಮ ಸರದಿಗೆ ನೀನೇ ಹೋಗು" ಅಂದ ಕ್ವಿರಿನ್ ಒಂದು ದಿನ ಸೊಸೆಗೆ. "ನಿನ್ನ ಕಡ್ಡಿ ಇದೆ, ನಿನ್ನ ಲೆಕ್ಕ ಇದೆ. ನಾನು ಯಾಕೆ?"

ಆಫ್ರಾಳಿಗೆ ಒಂದು ಕ್ಷಣ ಆಸೆಯಾದದ್ದು ನಿಜ. ಬುರ್ಗಾಳ ಮುಂದೆ ತೊಟ್ಟಿಯ ಪಕ್ಕ ನಿಂತು ಎಣಿಕೆ ಹೇಳುವುದು ಯಾರಿಗೆ ಬೇಡ? ಆದರೆ ಮಾವನ ಮುಖ ನೋಡಿದಳು. "ನಾನು ಹೋಗಲ್ಲ. ನೀವು ಕಲೀರಿ" ಅಂದಳು.

"ಈ ವಯಸ್ಸಲ್ಲಿ ಭಾಗಾಕಾರಾನಾ? ತಲೆ ಕೆಟ್ಟಿದೆಯೇನೇ ನಿನಗೆ?"

"ಗಂಜಿಗೇ ಬರುತ್ತಂತೆ, ನಿಮಗೆ ಬರಲ್ವಾ?"

ಮುದುಕನ ಮೀಸೆ ಅಲುಗಿತು. ಅವತ್ತಿನಿಂದ ಅಡುಗೆಮನೆಯ ಮೇಜೇ ಹಂಡೆಮನೆಯಾಯಿತು. ಒಂದು ಬೋಗುಣಿಯಲ್ಲಿ ತಣ್ಣೀರು, ಕೆಟಲಿನಲ್ಲಿ ಕುದಿನೀರು, ಅಳೆಯಲು ಕಾಫಿ ಲೋಟ. ಮೊದಲು ಬರಿಯ ರೇಗಾಟ. ಕಳೆಯುವುದು ಬರುತ್ತಿತ್ತು, ಭಾಗಿಸುವುದು ಬರುತ್ತಿರಲಿಲ್ಲ. "ನಿನ್ನ ಲೆಕ್ಕ ಹಂದಿಗೆ ಹಾಕು" ಅಂತ ಒಮ್ಮೆ ಬೋಗುಣಿಯನ್ನೇ ತಳ್ಳಿಬಿಟ್ಟ. ಆಫ್ರಾ ನೆಲ ಒರೆಸಿ ಮತ್ತೆ ನೀರು ತುಂಬಿಸಿದಳು. ಭಾಗಾಕಾರ ಬಿಟ್ಟು ಒಣ ಹುರುಳಿಕಾಯಿ ಬೀಜ ತಂದು ಮೇಜಿನ ಮೇಲೆ ಗುಂಪು ಮಾಡಿಸಿದಳು. ಕುದಿ ಎಷ್ಟು ಮೇಲಿದೆಯೋ ಅಷ್ಟು ಬೀಜ ಒಂದು ಸಾಲು, ಎಷ್ಟು ಏರಬೇಕೋ ಅಷ್ಟು ಬೀಜ ಅದರ ಕೆಳಗೆ. ಮುದುಕ ಎರಡು ಸಾಲನ್ನೂ ಬಹಳ ಹೊತ್ತು ನೋಡಿದ. ಅವನ ಬೆರಳಿಗೆ ಬೀಜದ ಸ್ಪರ್ಶ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಸಾಲು ತಿಳಿಯಿತು.

"ಇದರೊಳಗೆ ಇದು ಎಷ್ಟು ಸಲ ಕೂರುತ್ತೆ ಅಂತ ತಾನೇ?" ಅಂದ.

"ಅಷ್ಟೇ ಮಾವ."

"ಅಷ್ಟೇನಾ?" ಮುದುಕನ ದನಿ ಇಳಿದುಹೋಗಿತ್ತು. "ನಮ್ಮಪ್ಪ ನನಗೆ ಮೂರರಲ್ಲಿ ಒಂದು ಅಂತ ಹೇಳಿದ. ಯಾಕೆ ಅಂತ ಹೇಳ್ಲಿಲ್ಲ. ಅವನಿಗೂ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ."

ವಸಂತದಲ್ಲಿ ಪೊರಕೆ ಮನೆಯ ಸರದಿ ಬಂತು. ಕಾಳು ತಮ್ಮದೇ, ಹೋದರೆ ತಮಗೇ ನಷ್ಟ. ಆದರೂ ಕೆಲಸವಿಲ್ಲದವರೆಲ್ಲ ಹಂಡೆಮನೆಗೆ ಬಂದು ಗೋಡೆಗೆ ಒರಗಿದ್ದರು. ಫೈಟ್ ಕೂಡ ಬಂದಿದ್ದ, ಯಾರೂ ಕರೆದಿರಲಿಲ್ಲ. ಕ್ವಿರಿನ್ ಅಂಗಿ ತೋಳು ಮಡಚಲಿಲ್ಲ. ಗಾಜಿನ ಕಡ್ಡಿಯನ್ನು ತಾನೇ ತೊಟ್ಟಿಗೆ ಇಳಿಸಿದ. ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ, ಈ ಸಲ ಪೂರ್ತಿ ಕೊನೆಯವರೆಗೂ ಹೇಳಿದ. ಕಡ್ಡಿ ಎತ್ತಿ ಬೆಳಕಿಗೆ ಹಿಡಿದ. ನಲವತ್ತೇಳು.

ಆಫ್ರಾಳ ಮನಸ್ಸಿನಲ್ಲಿ ಉತ್ತರ ಆಗಲೇ ಬಂದಿತ್ತು. ತುಟಿ ಕಚ್ಚಿ ನೆಲ ನೋಡುತ್ತಾ ನಿಂತಳು. ಮುದುಕ ಸೌದೆಯ ರಾಶಿಯ ಮೇಲೆ ಕೂತು, ಇದ್ದಿಲಿನಿಂದ ಕಲ್ಲುಹಾಸಿನ ಮೇಲೆ ಗೀಟು ಎಳೆಯತೊಡಗಿದ. ಮೇಲಿನ ಸಾಲು ಐವತ್ತೊಂದು. ಕೆಳಗಿನ ಸಾಲು ಹದಿನೆಂಟು. ಅರವತ್ತು ಬಕೆಟಿಗೆ ಎಷ್ಟು ಎಂದು ಗುಂಪು ಮಾಡಿದ, ಅಳಿಸಿದ, ಮತ್ತೆ ಮಾಡಿದ. ಯಾರೋ ಕೆಮ್ಮಿದರು. "ನಾವು 'ಆಮೆನ್' ಅನ್ಬೇಕಾ, ಕಾಯ್ಬೇಕಾ?" ಅಂದಳು ಬುರ್ಗಾ, ಆದರೆ ಮೆಲ್ಲಗೆ.

ಕ್ವಿರಿನ್ ಎದ್ದ. "ಇಪ್ಪತ್ತೊಂದು ಆಗುತ್ತೆ. ತಣಿಯೋದಕ್ಕೆ ಎರಡು. ಇಪ್ಪತ್ತಮೂರು" ಅಂದ. ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತಮೂರು ಬಕೆಟ್ ಹೋಯಿತು, ಕುದಿಯಿತು, ತೊಟ್ಟಿಗೆ ಮರಳಿತು. ಹುಟ್ಟುಗೋಲುಗಳು ನಿಂತವು. ಕಡ್ಡಿ ಇಳಿಸಬೇಕಾದ ಹೊತ್ತಿಗೆ ಕ್ವಿರಿನ್ ಅದನ್ನು ಫೈಟ್ ಕಡೆ ಚಾಚಿ, "ನೀನೇ ನೋಡು, ಕುಲುಮೆ. ನನ್ನ ಕಣ್ಣು ಸುಳ್ಳು ಹೇಳಿದ್ರೂ ಹೇಳೀತು" ಅಂದ.

ಫೈಟ್ ಕಡ್ಡಿ ಇಳಿಸಿ, ಕಾದು, ಎತ್ತಿ, ಕಿಟಕಿಯ ಹತ್ತಿರ ಹೋಗಿ ನೋಡಿದ. ತಿರುಗಿಸಿ ಮತ್ತೊಮ್ಮೆ ನೋಡಿದ.

"ಅರವತ್ತೈದು" ಅಂದ.

ಕ್ವಿರಿನ್ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಹಬೆಯಾಡುವ ತೊಟ್ಟಿಯನ್ನೇ ನೋಡುತ್ತಾ ನಿಂತುಬಿಟ್ಟ. ಅಷ್ಟು ವರ್ಷ ದಿನವೂ ನೋಡಿದ ತೊಟ್ಟಿ ಅದು. ಮುಟ್ಟದೆ, ಮೂಸದೆ, ನೆಲದ ಮೇಲೆ ಎಳೆದ ಒಂದಿಷ್ಟು ಇದ್ದಿಲ ಗೀಟಿನಿಂದ, ಇನ್ನೂ ಆಗಿರದ ಒಂದು ಬಿಸಿಯನ್ನು ಅವನು ಮೊದಲೇ ಹೇಳಿದ್ದ, ಮತ್ತು ಗಂಜಿ ಅವನ ಮಾತು ಕೇಳಿತ್ತು. ಅವನ ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಹಬೆಯ ನೀರಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು.

ಫೈಟ್ ಕಡ್ಡಿಯನ್ನು ಒರೆಸಿ ಆಫ್ರಾಳ ಕೈಗೆ ಕೊಟ್ಟ. "ಸುಗ್ಗಿ ಆದ್ಮೇಲೆ ನಮ್ಮನೆ ಸರದಿ ಇದೆ" ಅಂದ. "ಬರ್ತೀರಲ್ವಾ, ಪೊರಕೆಯವ್ರೇ?"

ಮುದುಕನಿಗೆ ಕೇಳಿಸಲಿಲ್ಲ. ಅವನಿನ್ನೂ ತೊಟ್ಟಿಯನ್ನೇ ನೋಡುತ್ತಿದ್ದ.

"ಬರ್ತಾರೆ" ಅಂದಳು ಆಫ್ರಾ.